ಕಿಟೆಲ್ ಬಗ್ಗೆ ಸಾಕು, ಉತ್ತಂಗಿ ಬಗ್ಗೆ ಕೇಳಿ

ನವೆಂಬರ್ ಬಂತೆಂದರೆ ನನಗೆ ಫೋನ್ ಶುರು. ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೂ ರಾಜ್ಯೋತ್ಸವದ ಭಾಷಣಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇಷ್ಟೇ, ನಾನು ಕ್ರೈಸ್ತ. ಬಡಾವಣೆಯ ಸಂಘದವರಾಗಲಿ, ಪರಿಚಯದ ಮೇಷ್ಟ್ರಾಗಲಿ, ಎಲ್ಲರದ್ದೂ ಒಂದೇ ಮಾತು: "ಕಿಟೆಲ್ ಬಗ್ಗೆ ನಾಲ್ಕು ಮಾತಾಡಿ ಸರ್."

ಮಾತಾಡುತ್ತೇನೆ. ಕಿಟೆಲ್ ಮೇಲೆ ನನಗೇನೂ ಸಿಟ್ಟಿಲ್ಲ. 1853ರಲ್ಲಿ ಬಾಸೆಲ್ ಮಿಷನ್ ಕೆಲಸಕ್ಕೆ ಅಂತ ಜರ್ಮನಿಯಿಂದ ಬಂದ ಮನುಷ್ಯ. ಸುಮಾರು 70,000 ಪದಗಳ ನಿಘಂಟು ಮಾಡಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಅಂದರೆ ಸುಮ್ನೆ ಮಾತಲ್ಲ. ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎರಡನ್ನೂ ಸಂಪಾದಿಸಿದ. ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಕಟ್ಟಿದ. ಇಷ್ಟು ಹೇಳಿ ವೇದಿಕೆಯಿಂದ ಇಳಿದರೆ ಚಪ್ಪಾಳೆ, ಒಂದು ಶಾಲು, ಆಮೇಲೆ ಮಂಡಕ್ಕಿ ಮಿರ್ಚಿ.

ಕಿರಿಕಿರಿ ಆಗುವುದು ಮನೆಗೆ ಬಂದ ಮೇಲೆ. ಕಿಟೆಲ್ ಕಥೆ ಕೇಳಿದವರಿಗೆ ಕ್ರೈಸ್ತರು ಅಂದರೆ ಎಲ್ಲಿಂದಲೋ ಬಂದು ಕನ್ನಡಕ್ಕೆ ಉಪಕಾರ ಮಾಡಿ ಹೋದವರು ಅನಿಸುತ್ತದೆ. ನಾನು ಎಲ್ಲಿಂದಲೂ ಬಂದವನಲ್ಲ. ಹರಿಹರದಲ್ಲಿ ಹುಟ್ಟಿ, ತುಂಗಭದ್ರೆಯಲ್ಲಿ ಈಜು ಕಲಿತು, ಹೊಟ್ಟೆಪಾಡಿಗೆ ದಾವಣಗೆರೆ ಸೇರಿದವನು. ಆದರೂ ಹೊಸ ಗಿರಾಕಿ ನನ್ನ ಹೆಸರು ಕೇಳಿದ ಕೂಡಲೇ ವಿಚಾರಣೆ ಶುರು ಮಾಡುತ್ತಾನೆ.

"ಮನೇಲಿ ಏನು ಮಾತಾಡ್ತೀರಿ ಸರ್? ಕೊಂಕಣಿನಾ, ತಮಿಳಾ?"

"ಕನ್ನಡ."

"ಅಲ್ಲ ಸರ್, ಮನೇಲಿ?"

ಮನೆಯಲ್ಲೂ ಕನ್ನಡವೇ ಮಾರಾಯ. ನಮ್ಮಜ್ಜಿ ಪ್ರಾರ್ಥನೆಗೆ ಕೂತರೆ "ಯೇಸಪ್ಪಾ" ಅಂತಲೇ ಶುರು. ಪಾದ್ರಿಗಳಿಗೆ ನಾವು ಇವತ್ತಿಗೂ ಅಯ್ಯನವರು ಅನ್ನುತ್ತೇವೆ. ಕ್ರಿಸ್‌ಮಸ್‌ಗೆ ಮನೆಯಲ್ಲಿ ಕರ್ಜಿಕಾಯಿ, ಚಕ್ಕುಲಿ. ಕೇಕ್ ಬಂದದ್ದು ಬೇಕರಿಗಳು ಜಾಸ್ತಿ ಆದ ಮೇಲೆ.

ಅಜ್ಜಿ ಶಾಲೆಗೆ ಹೋದವಳಲ್ಲ. ಸತ್ಯವೇದ, ಅಂದರೆ ಬೈಬಲ್, ಓದಬೇಕು ಅನ್ನುವ ಒಂದೇ ಹಟಕ್ಕೆ ಅಕ್ಷರ ಕಲಿತಳು. ಓಣಿಯಲ್ಲಿ ಓದು ಬರುವ ಹೆಂಗಸು ಅವಳೊಬ್ಬಳೇ. ಹಾಗಾಗಿ ಮಿಲಿಟರಿಗೆ ಹೋದ ಮಗನ ಕಾಗದ, ಗಂಡನ ಮನೆಯಿಂದ ಮಗಳು ಬರೆಸಿದ ಕಾಗದ, ಎಲ್ಲ ನಮ್ಮ ಕಟ್ಟೆಗೇ ಬರುತ್ತಿದ್ದವು. ಅಜ್ಜಿಗೆ ಗೊತ್ತಿದ್ದದ್ದು ಒಂದೇ ರಾಗ, ಸತ್ಯವೇದ ಓದುವ ರಾಗ. "ಇಲ್ಲಿ ಎಲ್ಲರೂ ಕ್ಷೇಮ, ಎಮ್ಮೆ ಕರು ಹಾಕಿದೆ" ಅನ್ನುವುದನ್ನೂ ಅದೇ ರಾಗದಲ್ಲಿ ಓದುತ್ತಿದ್ದಳು. ಕೇಳುತ್ತಿದ್ದ ಗೌರಮ್ಮ, ಬಸಮ್ಮಂದಿರು ತಲೆ ಮೇಲೆ ಸೆರಗು ಎಳೆದುಕೊಂಡು ಭಕ್ತಿಯಿಂದ ಕೂತಿರುತ್ತಿದ್ದರು. ನಂಬಿಕೆ ಜನರ ಮೇಲೆ ಏನು ಪರಿಣಾಮ ಮಾಡಿತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕಟ್ಟೆ. ಅಕ್ಷರ ಬಂದದ್ದು ಒಂದು ಕಾರಣಕ್ಕೆ, ಅದರಿಂದ ಆದ ಕೆಲಸವೇ ಬೇರೆ.

ಆ ಸತ್ಯವೇದವೂ ದೂರದ್ದೇನಲ್ಲ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದ. ಕನ್ನಡ ಕಲಿತು, ಪಂಡಿತರನ್ನು ಜೊತೆಗೆ ಇಟ್ಟುಕೊಂಡು ಕೆಲಸ ಮಾಡಿದ. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಶುರು ಮಾಡಿದ 'ಮಂಗಳೂರ ಸಮಾಚಾರ' ಪತ್ರಿಕೆಯೂ ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಇವರೆಲ್ಲ ಬಂದದ್ದು ಮತ ಹೇಳುವುದಕ್ಕೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮವರು ಕೆಲವರು ಮುಚ್ಚಿಡಲು ನೋಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ ಮನುಷ್ಯನ ವಿಷಯ. ಉತ್ತಂಗಿ ಚನ್ನಪ್ಪ.

ನಮ್ಮಲ್ಲಿ ಎಷ್ಟೋ ಜನ ಮೈಲಾರದ ಕಾರಣಿಕ ಕೇಳಲು ಹಡಗಲಿ ತಾಲ್ಲೂಕಿಗೆ ಹೋಗುತ್ತಾರಲ್ಲ, ಉತ್ತಂಗಿ ಇರುವುದೂ ಅದೇ ತಾಲ್ಲೂಕಿನಲ್ಲಿ. ಹರಪನಹಳ್ಳಿ ದಾಟಿದರೆ ಆಯಿತು. ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರಲ್ಲಿ. ಮೂಲದ ಊರು ಹೆಸರಿನ ಜೊತೆ ಉಳಿಯಿತು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರು ಕೇಳಿದರೆ ನನಗೆ ನಮ್ಮನೆಯ ಹಿರಿಯರನ್ನೇ ಕರೆದ ಹಾಗಾಗುತ್ತದೆ.

ಇವರು ಬಾಸೆಲ್ ಮಿಷನ್ನಿನಲ್ಲಿ ಪಾದ್ರಿ. ಕೆಲಸ ಕ್ರಿಸ್ತನನ್ನು ಸಾರುವುದು. ಮಾಡಿದ್ದು? ಊರೂರು ಸುತ್ತಿ, ಓಲೆಗರಿ, ಕೈಬರಹದ ಪ್ರತಿಗಳನ್ನು ಹುಡುಕಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು. 1924ರಲ್ಲಿ ಅದು ಪುಸ್ತಕವಾಗಿ ಬಂತು. ಇವತ್ತು ಶಾಲೆಯ ಗೋಡೆ ಮೇಲೆ, ಲಾರಿಯ ಹಿಂದೆ, ಮದುವೆ ಭಾಷಣದಲ್ಲಿ ಸರ್ವಜ್ಞ ಬರುತ್ತಾನಲ್ಲ, ಅದರ ಹಿಂದೆ ಈ ಪಾದ್ರಿಯ ಓಡಾಟ ಇದೆ.

ಯಾಕೆ ಸರ್ವಜ್ಞ? ನನ್ನ ಊಹೆ ಹೇಳುತ್ತೇನೆ. ಹಳ್ಳಿಗೆ ಹೋಗಿ ದೇವರ ಮಾತು ಹೇಳುವವನಿಗೆ ಹಳ್ಳಿಯವರು ಉತ್ತರ ಕೊಡುತ್ತಿದ್ದದ್ದೇ ಸರ್ವಜ್ಞನ ಮಾತಿನಲ್ಲಿ ಇರಬೇಕು. "ಜಾತಿಹೀನನ ಮನೆಯ ಜ್ಯೋತಿ ತಾ ಹೀನವೆ" ಅಂತ ಜಗುಲಿ ಮೇಲೆ ಕೂತ ಮುದುಕ ಕೇಳಿದರೆ ಪಾದ್ರಿ ಏನು ಹೇಳಬೇಕು? ಕೆಲವರು ವಾದ ಬೆಳೆಸುತ್ತಿದ್ದರು. ಚನ್ನಪ್ಪನವರು ಬರೆದುಕೊಂಡರು.

ಅಷ್ಟಕ್ಕೇ ನಿಲ್ಲಲಿಲ್ಲ. ಸಿದ್ಧರಾಮನ ಸಾಹಿತ್ಯ ಸಂಪಾದಿಸಿದರು. ಅನುಭವ ಮಂಟಪ ನಿಜವಾಗಿ ಇತ್ತೋ, ಬರೀ ಕಲ್ಪನೆಯೋ ಅಂತ ಅನುಮಾನ ಎದ್ದಾಗ, ಇತ್ತು ಅಂತ ಆಧಾರ ಜೋಡಿಸಿ ಪುಸ್ತಕ ಬರೆದರು. ಸಿರಿಗೆರೆ ಕಡೆಯ ಒಬ್ಬ ಹಳೆಯ ಗಿರಾಕಿಗೆ, ವಚನ ಬಾಯಿಪಾಠ ಇರುವವರಿಗೆ, ಬೋರ್‌ವೆಲ್ ಮೋಟಾರ್ ಬಿಚ್ಚಿಡುವಾಗ ಈ ವಿಷಯ ಹೇಳಿದೆ. "ಪಾದ್ರಿ ಬರೆದದ್ದಾ? ಸುಮ್ನಿರಪ್ಪ" ಅಂದರು. ಮುಂದಿನ ಸಲ ಬಂದಾಗ ಅವರೇ ಹೇಳಿದರು, ಮಠದಲ್ಲಿ ಯಾರನ್ನೋ ಕೇಳಿದರಂತೆ, ಹೌದಂತೆ. ವೈಂಡಿಂಗ್ ರೇಟಿನಲ್ಲಿ ಮಾತ್ರ ಚೌಕಾಸಿ ಬಿಡಲಿಲ್ಲ.

1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಇವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಇವರು ತಮ್ಮನ್ನು ಕರೆದುಕೊಂಡದ್ದು "ತಿರುಳ್ಗನ್ನಡದ ತಿರುಕ" ಅಂತ. 1962ರಲ್ಲಿ ತೀರಿಕೊಂಡರು, ಕೊನೆಯವರೆಗೂ ಕ್ರೈಸ್ತರಾಗಿಯೇ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ವಚನ ಪ್ರೀತಿಸಿದವರು ಚರ್ಚ್ ಬಿಟ್ಟಿರಬೇಕು ಅಂತ ಎರಡೂ ಕಡೆಯವರು ಅಂದುಕೊಳ್ಳುತ್ತಾರೆ. ಕ್ರಿಸ್ತನ ಬಗ್ಗೆಯೂ ಬರೆದರು. 'ಬನಾರಸಕ್ಕೆ ಬೆತ್ಲೆಹೆಮಿನ ವಿನಂತಿ' ಅಂತ ಒಂದು ಪುಸ್ತಕದ ಹೆಸರು. ಬೆತ್ಲೆಹೆಮು ಬನಾರಸದ ಜೊತೆ ಜಗಳಕ್ಕೆ ಹೋಗಲಿಲ್ಲ ನೋಡಿ.

ಆ ಕಡೆಯಿಂದ ಈ ಕಡೆಗೆ ಬಂದವರೂ ಇದ್ದಾರೆ. ಮಂಜೇಶ್ವರದ ಗೋವಿಂದ ಪೈ ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು. ಶುಭ ಶುಕ್ರವಾರ ಮಧ್ಯಾಹ್ನ ಆರಾಧನೆ ಮುಗಿಸಿ ಬಂದು ಅದರ ಒಂದಷ್ಟು ಪುಟ ಓದುವುದು ನನ್ನ ರೂಢಿ. ಭಾಷೆ ಗಟ್ಟಿ, ಅರ್ಧ ಪದ ಗೊತ್ತಾಗುವುದಿಲ್ಲ. ಆಗ ಕಿಟೆಲ್ ಬೇಕೇ ಬೇಕು. ಹರಿಹರದಲ್ಲಿ ಸೆಪ್ಟೆಂಬರ್ 8ಕ್ಕೆ ಆರೋಗ್ಯಮಾತೆಯ ಹಬ್ಬಕ್ಕೆ ಹೋದರೂ ಇದೇ ಕಾಣುತ್ತದೆ. ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕುಂಕುಮ, ವಿಭೂತಿ ಇಟ್ಟವರು ಎಷ್ಟೊಂದು ಜನ. ನಾವು ಪ್ರಾಟೆಸ್ಟೆಂಟರು, ಮಾತೆಯ ಮುಂದೆ ಹರಕೆ ಹೊರುವುದು ನಮ್ಮ ಹಿರಿಯರಿಗೆ ಇಷ್ಟವಿಲ್ಲ. ನಮ್ಮಮ್ಮ ಮಾತ್ರ ಮೊಣಕಾಲು ನೋವಿಗೆ ಅಂತ ಹೋಗಿ ಬರುತ್ತಿದ್ದಳು. ಕೇಳಿದರೆ "ತಾಯಿ ಅಲ್ವಾ, ಸುಮ್ನೆ ಮಾತಾಡ್ಸಿ ಬಂದೆ" ಅನ್ನುತ್ತಿದ್ದಳು.

ಹೋದ ತಿಂಗಳು ನಮ್ಮ ಸಭೆಯ ಯುವಕರ ಕೂಟದಲ್ಲಿ ಮಾತಾಡಲು ಕರೆದರು. ಉತ್ತಂಗಿಯವರ ಬಗ್ಗೆ ಮಾತಾಡಿದೆ, ಸರ್ವಜ್ಞನ ತ್ರಿಪದಿ ಓದಿದೆ. ಹುಡುಗರಿಗೆ ಕೀಬೋರ್ಡ್, ಡ್ರಮ್ಸ್, ಇಂಗ್ಲಿಷ್ ಹಾಡು ಬೇಕು. ಆದರೂ ಕೇಳಿದರು. ಎದ್ದು ನಿಂತದ್ದು ಹಿಂದೆ ಕೂತಿದ್ದ ಹಿರಿಯರೊಬ್ಬರು. "ಸತ್ಯವೇದ ಬಿಟ್ಟು ಸರ್ವಜ್ಞ ಯಾಕೆ? ಅವನೇನು ಕ್ರೈಸ್ತನಾ?"

"ಅಲ್ಲ. ಸಂಗ್ರಹ ಮಾಡಿದವರು ಅಯ್ಯನವರು" ಅಂದೆ.

"ಹಾಗಾದ್ರೆ ಅವರು ತಮ್ಮ ಕೆಲಸ ಬಿಟ್ಟು ಬೇರೆ ಕೆಲಸ ಮಾಡಿದ್ರು."

ಚಹಾ ಬರುವವರೆಗೆ ವಾದ ನಡೆಯಿತು. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಕೀಬೋರ್ಡ್ ನುಡಿಸುವ ಹುಡುಗ ಮಾತ್ರ ಪುಸ್ತಕದ ಒಂದು ಪುಟದ ಫೋಟೊ ತೆಗೆದುಕೊಂಡ. ತ್ರಿಪದಿಗೆ ರಾಗ ಹಾಕುತ್ತಾನಂತೆ. ಡ್ರಮ್ಸ್ ಬೇಡ ಅಂತ ಹೇಳಿ ಕಳಿಸಿದ್ದೇನೆ.