ಮಾಂಡ್ವಿಯಲ್ಲಿ ಸಿಕ್ಕ ಮಂಗಳೂರು ಹಂಚು

ಗುಜರಾತಿನ ಕಚ್ಚಿನಲ್ಲಿ ನಾವು ಆರು ದಿನ ಇದ್ದೆವು. ಉಪ್ಪಿನ ಬಯಲು ಬಿಳಿ ರಣ್ ನೋಡಿದೆವು, ಕಸೂತಿ ಹಾಕುವ ಹಳ್ಳಿಗಳಿಗೆ ಹೋದೆವು. ಆದರೆ ಮನೆಗೆ ಬಂದ ಮೇಲೆ ನಾನು ಎಲ್ಲರ ಹತ್ತಿರ ಹೇಳಿದ್ದು ಅಲ್ಲಿನ ಬಂದರು ಊರು ಮಾಂಡ್ವಿಯ ಹಡಗುಗಳ ಸುದ್ದಿ ಮಾತ್ರ.

ಕಚ್ಚಿನ ದೊಡ್ಡ ಊರು ಭುಜ್‌ನಿಂದ ಮಾಂಡ್ವಿಗೆ ಸುಮಾರು 60 ಕಿಲೋಮೀಟರ್. ರುಕ್ಮಾವತಿ ನದಿಯ ದಂಡೆಗೆ ಬಂದಾಗ ನೀರು ಇಳಿದಿತ್ತು, ಬರೀ ಕೆಸರು. ಅದರ ಪಕ್ಕದಲ್ಲಿ ಮನೆಗಿಂತ ಎತ್ತರದ ಮರದ ಹಡಗುಗಳು, ಸುತ್ತ ಊರುಗಂಬ ಕೊಟ್ಟು ನಿಲ್ಲಿಸಿದ್ದಾರೆ. ಒಂದಕ್ಕೆ ಹಲಗೆ ಹೊಡೆದು ಮುಗಿದಿತ್ತು. ಇನ್ನೊಂದು ಬರೀ ಪಕ್ಕೆಲುಬು. ಇವು ಸುಮ್ನೆ ನೋಡುವುದಕ್ಕೆ ಇಟ್ಟವಲ್ಲ. ಇವತ್ತಿಗೂ ಸರಕು ಹೊತ್ತು ಗಲ್ಫ್ ಕಡೆಗೆ, ಆಫ್ರಿಕಾ ಕಡೆಗೆ ಹೋಗುತ್ತವೆ. ಹದಿನಾರನೇ ಶತಮಾನದಲ್ಲಿ ಕಚ್ಚಿನ ಅರಸ ರಾವ್ ಖೆಂಗಾರ್‌ಜಿ ಕಟ್ಟಿಸಿದ ಊರು ಇದು. ಇಲ್ಲಿನ ವ್ಯಾಪಾರಿಗಳಿಗೆ ಮಸ್ಕತ್, ಜಾಂಜಿಬಾರ್ ಎಲ್ಲಾ ಪಕ್ಕದ ಊರಿನ ಹಾಗೆ ಇತ್ತು.

ಒಬ್ಬ ಹುಡುಗ ಹತ್ತಿಯನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡುತ್ತಿದ್ದ, ದೀಪದ ಬತ್ತಿ ಹೊಸೆದ ಹಾಗೆ. ಅದನ್ನು ಎರಡು ಹಲಗೆಗಳ ಸಂದಿಗೆ ಉಳಿ ಇಟ್ಟು ತುರುಕುತ್ತಾರೆ. ಟಕ್ ಟಕ್ ಟಕ್. ನೀರು ಒಳಗೆ ಬರದ ಹಾಗೆ ತಡೆಯುವುದು ಈ ಹತ್ತಿಯೇ. ಇಷ್ಟು ದೊಡ್ಡ ಹಡಗಿನ ಜೀವ ಒಂದು ಬೆರಳಗಲದ ಸಂದಿಯಲ್ಲಿದೆ ಅನ್ನಿಸಿ ಮೈ ಜುಮ್ಮೆಂದಿತು.

ನೆರಳಲ್ಲಿ ಕೂತಿದ್ದ, ಹಡಗು ಕಟ್ಟುವ ಹಿರಿಯ ಮಿಸ್ತ್ರಿಯ ಹತ್ತಿರ ನನ್ನ ಹರಕು ಹಿಂದಿಯಲ್ಲಿ ಕೇಳಿದೆ, "ಕಾಕಾ, ಹಡಗಿನ ನಕ್ಷೆ ಎಲ್ಲಿದೆ?" ಅವರು ಹಣೆ ಮುಟ್ಟಿ ತೋರಿಸಿದರು. ಪಕ್ಕೆಲುಬಿಗೆ ಜಾಲಿ ಮರವಂತೆ. ಕೊಂಬೆ ತಾನಾಗಿ ಹೇಗೆ ಬಾಗಿದೆಯೋ ಆ ಬಾಗು ನೋಡಿಯೇ ಆರಿಸುತ್ತಾರೆ. ಹಲಗೆಯ ಮರ ಜಾಸ್ತಿ ಮಲೇಷ್ಯಾದಿಂದ ಬರುತ್ತದೆ.

"ಯಾವ ಊರು ಬೇಟಾ?"

"ಮಂಗಳೂರು."

ಅವರ ಮುಖ ಅರಳಿತು. "ಮೆಂಗಲೋರಿ ನಳಿಯಾ!" ಅಂತ ಎದುರಿನ ಚಹಾ ಅಂಗಡಿಯ ಮಾಡಿಗೆ ಕೈ ತೋರಿಸಿದರು. ನೋಡಿದರೆ ನಮ್ಮದೇ ಕೆಂಪು ಹಂಚು! ನಳಿಯಾ ಅಂದರೆ ಹಂಚು, ಇಲ್ಲಿ ಇದಕ್ಕೆ ಹೆಸರೇ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಸಮುದ್ರದ ಮೇಲೆ ಎಲ್ಲೆಲ್ಲಿಗೋ ಹೋಯಿತು ಅಂತ ಓದಿದ್ದೆ. ಆದರೆ ನನ್ನ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯಿಂದ ಹೊರಟ ಹಂಚು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕಾಕಾಗೆ ಅಜ್ಜಿಯ ವಿಷಯ ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರು ಏನೂ ಮಾತಾಡದೆ ಹುಡುಗನನ್ನು ಕರೆದು ಎರಡು ಚಹಾ ತರಿಸಿದರು.

ಇಷ್ಟೂ ಸಿಕ್ಕಿದ್ದು ಜಗಳವಾಡಿದ ಮೇಲೆ. ಭುಜ್‌ನ ಒಂದು ಟ್ರಾವೆಲ್ಸ್‌ನವರು ಪೂರ್ತಿ ದುಡ್ಡು ಮುಂಚೆಯೇ ತೆಗೆದುಕೊಂಡು, ವಿಜಯ ವಿಲಾಸ ಅರಮನೆಯಲ್ಲಿ ಎರಡೂವರೆ ಗಂಟೆ ಕಳೆಸಿ, ಹಡಗಿಗೆ "ಹತ್ತು ನಿಮಿಷ ಸಾಕು" ಅಂದರು. ಅರಮನೆ ಚೆಂದವೇ, ಆದರೆ ಅಂಥದ್ದು ರಾಜಸ್ಥಾನದಲ್ಲಿ ಬೇಕಾದಷ್ಟಿದೆ. ಕೊನೆಗೆ ಕಾರು ವಾಪಸ್ ಕಳಿಸಿ, ಸಂಜೆ ಸರ್ಕಾರಿ ಬಸ್ಸಿನಲ್ಲಿ ಬಂದೆವು. ದುಡ್ಡು ಹೋಯಿತು. ನೀವು ಹೋಗುವುದಾದರೆ ಬಸ್ಸಿನಲ್ಲೇ ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಸಮುದ್ರದ ಭರತದ ನೀರು ಬಂದಾಗ ದಂಡೆಯ ಚಹರೆಯೇ ಬೇರೆಯಂತೆ. ನಮಗೆ ಅದು ತಪ್ಪಿತು. ಬನ್ನಿನೊಳಗೆ ಮಸಾಲೆ ಆಲೂಗಡ್ಡೆ ತುಂಬಿದ ದಾಬೇಲಿ ತಿನ್ನದೆ ಬರಬೇಡಿ. ಅದು ಹುಟ್ಟಿದ್ದೇ ಮಾಂಡ್ವಿಯಲ್ಲಿ. ನಮ್ಮ ಕಡೆ ಸಿಗುವ ಸಿಹಿ ದಾಬೇಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಹೊರಡುವಾಗ ಕಾಕಾ ಕೇಳಿದರು, "ನಿಮ್ಮಲ್ಲಿ ಮರದ ಹಡಗು ಈಗಲೂ ಇದೆಯಾ?" ಇದೆ, ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುತ್ತವೆ, ನಾವು ಮಂಜಿ ಅನ್ನುತ್ತೇವೆ ಅಂದೆ.

"ಮಂಜಿ," ಅಂತ ಎರಡು ಸಲ ಹೇಳಿಕೊಂಡರು. ಆಮೇಲೆ ಚಹಾ ಅಂಗಡಿಯ ಮಾಡನ್ನು ನೋಡುತ್ತಾ ಹೇಳಿದರು, "ಈಗ ಈ ಹಂಚು ಇಲ್ಲೇ ಮೋರ್ಬಿಯಲ್ಲಿ ಮಾಡ್ತಾರೆ ಬೇಟಾ. ಆದ್ರೂ ಹೆಸರು ನಿಮ್ಮೂರಿಂದೇ."