ಅಮ್ಮನ ರಿಪೋರ್ಟ್ ತುಂಬಾ ಬರೀ 'ಆರ್'

ಜನವರಿ ಅಂದ್ರೆ ಸಕಲೇಶಪುರದ ಕಡೆ ಕಾಫಿ ಕುಯ್ಲು. ಅಮ್ಮ ಆಳುಗಳ ಜೊತೆ ತಾನೂ ತೋಟಕ್ಕಿಳಿದ್ರೆ ಸಂಜೆ ತನಕ ನೀರೇ ಕುಡಿಯಲ್ಲ, ಕುಡಿದ್ರೆ ಹೋಗ್ಬೇಕಲ್ಲ, ಆ ಗಿಡಗಳ ಮಧ್ಯೆ ಎಲ್ಲಿಗೆ ಹೋಗೋದು ಅಂತ. ಹಂಗಾಗಿ ವರ್ಷಕ್ಕೊಂದ್ಸಲ ಉರಿಮೂತ್ರ ಗ್ಯಾರಂಟಿ. "ಉಷ್ಣ ಆಗಿದೆ ಕಣೋ" ಅಂತ ಮೊದ್ಲು ಬಾರ್ಲಿ ನೀರು, ಎಳನೀರು, ಆಮೇಲೆ ಮೆಡಿಕಲ್ಸಲ್ಲಿ ಚೀಟಿ ಇಲ್ದೆ ಸಿಗೋ ನಾರ್‌ಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ನಾಲ್ಕು, ಎರಡು ನುಂಗೋಷ್ಟರಲ್ಲಿ ಉರಿ ಕಮ್ಮಿ, ಉಳಿದೆರಡು ಡಬ್ಬಿಗೆ.

ಈ ಸಲ ಉರಿ ಬಗ್ಗಲೇ ಇಲ್ಲ. ಹಾಸನಕ್ಕೆ ಕರ್ಕೊಂಬಂದೆ, ಡಾಕ್ಟ್ರು ಯೂರಿನ್ ಕಲ್ಚರ್ ಬರೆದ್ರು, ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟು. ಮೂರು ದಿನಕ್ಕೆ ರಿಪೋರ್ಟ್ ಬಂತು: ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ, ಒಂದು ಎಂಎಲ್‌ಗೆ ಲಕ್ಷಕ್ಕಿಂತ ಜಾಸ್ತಿ. ಕೆಳಗೆ ಔಷಧಿಗಳ ಪಟ್ಟಿ, ಪಕ್ಕದಲ್ಲಿ ಎಸ್ ಇದ್ರೆ ಕೆಲಸ ಮಾಡತ್ತೆ, ಆರ್ ಇದ್ರೆ ಇಲ್ಲ. ನಾರ್‌ಫ್ಲಾಕ್ಸಾಸಿನ್ ಆರ್, ಸಿಪ್ರೊ ಆರ್, ಸೆಫಿಕ್ಸಿಮ್ ಆರ್. ಜೊತೆಗೆ ಇಎಸ್‌ಬಿಎಲ್ ಪಾಸಿಟಿವ್, ಅಂದ್ರೆ ಪೆನಿಸಿಲಿನ್, ಸೆಫಲೋಸ್ಪೊರಿನ್ ಜಾತಿ ಔಷಧಿನೆಲ್ಲ ಒಡೆದು ಹಾಕೋ ಕಿಣ್ವ ಆ ಬ್ಯಾಕ್ಟೀರಿಯಾ ಹತ್ರನೇ ಇದೆ.

ಅಮ್ಮ "ನನ್ ಮೈಗೆ ಮಾತ್ರೆ ಒಗ್ಗೋಗಿದೆ" ಅಂದ್ಲು. ಒಗ್ಗಿರೋದು ಮೈಗಲ್ಲ ಕಣಮ್ಮ, ಹುಳಕ್ಕೆ. ಈ ಇ. ಕೋಲಿ ಮಾಮೂಲಿ ನಮ್ ಕರುಳಲ್ಲೇ ಇರೋದು, ಮೂತ್ರದ ದಾರಿಗೆ ಬಂದ್ರೇನೇ ತೊಂದ್ರೆ. ಯಾವ್ ಕಾಯಿಲೆಗೆ ಆಂಟಿಬಯೋಟಿಕ್ ನುಂಗಿದ್ರೂ ಕರುಳಲ್ಲಿರೋವೂ ಸಾಯ್ತವೆ, ತಡ್ಕೊಂಡವು ಉಳ್ಕೊಂಡು ಬೆಳೀತವೆ. ಅಷ್ಟೇ ಅಲ್ಲ, ಪಕ್ಕದ್ಮನೆಗೆ ಹೆಪ್ಪು ಕೊಟ್ಟಂಗೆ ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರದಲ್ಲಿ ಆ ವಿದ್ಯೆನ ಬೇರೆ ಬ್ಯಾಕ್ಟೀರಿಯಾಗೂ ದಾಟಿಸ್ತವೆ. (ಹೆಪ್ಪಿನ ಮಾತು ಹೇಳಿದ್ಮೇಲೇ ಅಮ್ಮಂಗೆ ಅರ್ಥ ಆಗಿದ್ದು.)

ಚೀಟಿ ಇಲ್ದೆ ತಗೋಬಾರ್ದು ಅಂತ ಇಂಥ ಮಾತ್ರೆ ಶೀಟ್ ಮೇಲೆ ಕೆಂಪು ಗೆರೆ ಇರತ್ತೆ, 2014ರಿಂದ ಕೆಲವು ಔಷಧಿಗೆ ಅಂಗಡಿಯವ್ರು ಬೇರೆ ರಿಜಿಸ್ಟರಲ್ಲಿ ಹೆಸ್ರು ಬರ್ಕೋಬೇಕು ಅಂತ ರೂಲೂ ಇದೆ. ನಮ್ಮೂರಲ್ಲಿ ಆ ರಿಜಿಸ್ಟರ್ ನಾನಂತೂ ನೋಡಿಲ್ಲ, ಕೇಳಿದ್ದೂ ಇಲ್ಲ, ನಂದೂ ತಪ್ಪೇ.

ಪಟ್ಟಿಲಿ ಎಸ್ ಅಂತಿದ್ದ ನಾಲ್ಕೈದರಲ್ಲಿ ಮುಕ್ಕಾಲು ಇಂಜೆಕ್ಷನ್. ಡಾಕ್ಟ್ರು ಕಿಡ್ನಿ ಟೆಸ್ಟ್ ನೋಡಿ ಕೊಟ್ಟಿದ್ದು ನೈಟ್ರೊಫ್ಯುರಾಂಟೊಯಿನ್, 1953ರ ಹಳೇ ಮಾತ್ರೆ! ಮೂತ್ರದಲ್ಲೇ ಹೋಗಿ ಸೇರತ್ತೆ, ಬ್ಯಾಕ್ಟೀರಿಯಾಗೆ ಒಂದಲ್ಲ ನಾಲ್ಕು ಕಡೆ ಹೊಡೆಯತ್ತೆ, ಅದಕ್ಕೇ ಇನ್ನೂ ನಡೀತಿದೆ. ಮೂತ್ರ ಕಂದು ಬಣ್ಣ ಆಗಿ ಅಮ್ಮ ಒಂದಿನ ಗಾಬರಿ ಬಿದ್ಲು, ಅದು ಮಾತ್ರೆದೇ ಬಣ್ಣ.

ನಿನ್ನೆ ಫೋನಲ್ಲಿ ಹೇಳಿದ್ಲು, ಪಕ್ಕದ್ಮನೆ ಅಕ್ಕಂಗೂ ಉರಿಯಂತೆ, ಉಳಿದಿದ್ರೆ ಎರಡು ಕೊಡಿ ಅಂತ ಬಂದಿದ್ರಂತೆ. "ಏನಂದೆ?" "ಎಲ್ಲಾ ನುಂಗ್ಬಿಟ್ಟೆ ಕಣೇ, ಡಬ್ಬಿ ಖಾಲಿ ಅಂದೆ."