ಬಾಸ್ಕ್ ಜನರ ಕಿತ್ತಳೆ ತಂಡ

ಸುಮ್ನೆ 2001ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ವಿಡಿಯೋ ನೋಡುತ್ತಿದ್ದೆ. ಪಿರನೀಸ್ ಬೆಟ್ಟದ ಲುಸ್ ಅರ್ದಿಡೆನ್ ಏರು. ರಸ್ತೆಯ ಎರಡೂ ಬದಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ, ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಸೀಮೆಯ ಜನ, ಕೂಗಾಟವೋ ಕೂಗಾಟ. ಅವರ ನಡುವೆ ನುಗ್ಗಿ ಆ ದಿನದ ಹಂತ ಗೆದ್ದದ್ದು ಅವರದೇ ಹುಡುಗ, ರೊಬೆರ್ಟೊ ಲೈಸೆಕಾ. ಅವನ ಕಿತ್ತಳೆ ಅಂಗಿಯ ಯುಸ್ಕಾಲ್ಟೆಲ್ ತಂಡಕ್ಕೆ ಟೂರ್‌ನಲ್ಲಿ ಅದೇ ಮೊದಲ ಹಂತದ ಗೆಲುವು.

1994ರಲ್ಲಿ ಶುರುವಾದ ಈ ತಂಡಕ್ಕೆ ಅಭಿಮಾನಿಗಳೂ ಸದಸ್ಯರಾಗಿ ದುಡ್ಡು ಹಾಕಿದ್ದರು. ಬಹುಕಾಲ ಸವಾರರೂ ಅದೇ ಸೀಮೆಯವರು, ಇಲ್ಲವೇ ಅಲ್ಲೇ ಪಳಗಿದವರು. ಸ್ಪೇನ್‌ನ ಅಸ್ಟೂರಿಯಾಸ್ ಕಡೆಯ ಸ್ಯಾಮುಯೆಲ್ ಸಾಂಚೆಜ್ ಹಾಗೆ ಬಂದವನೇ. 2008ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ. ನಮ್ಮವರು ಅನ್ನೋ ಅಭಿಮಾನ ಅಂದ್ರೆ ಇದೇ ಅಲ್ವಾ?

2013ರಲ್ಲಿ ಹಣವಿಲ್ಲದೆ ತಂಡ ಮುಚ್ಚಿತು. ತುಂಬಾ ಸಂಕಟದ ಸಂಗತಿ. ಆದರೆ ಆ ತಂಡದಲ್ಲೇ ಬೆಳೆದ ಸವಾರ ಮಿಕೆಲ್ ಲಾಂಡಾ, ತಾನು ಇನ್ನೂ ರೇಸ್ ಓಡಿಸುತ್ತಿರುವಾಗಲೇ ತಂಡದ ಹಿಂದಿದ್ದ ಫೌಂಡೇಶನ್‌ನ ಹೊಣೆ ಹೊತ್ತುಕೊಂಡ. ನನಗೆ ಅವನ ಮೇಲೆ ಗೌರವ ಜಾಸ್ತಿಯಾಗಿದ್ದು ಅದಕ್ಕೇ.